ಪಿತೃಪಕ್ಷಕ್ಕೆ ಊರಿಗೆ ಹೋಗದಿದ್ದರೆ ನಡೆಯುತ್ತಾ?

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಕಿರಣನಿಗೆ 27 ವರ್ಷ. ಮಂಡ್ಯ ಕಡೆಯ ಹಳ್ಳಿಯವನು, ಬೆಂಗಳೂರಿನಲ್ಲಿ ಕೆಲಸ. ಓದಿ, ಯೋಚಿಸಿ, ಕಳೆದ ವರ್ಷ ಕಲಿಮಾ (ಇಸ್ಲಾಮಿನ ನಂಬಿಕೆ ಸಾರುವ ವಚನ) ಹೇಳಿ ಮುಸ್ಲಿಮನಾದ. ಹಿಂದೆ ಪ್ರೇಮವೂ ಇಲ್ಲ, ಒತ್ತಾಯವೂ ಇಲ್ಲ. ಸಲಹೆಗೆಂದು ನನ್ನ ಹತ್ತಿರ ಬಂದು ಮೊದಲು ಕೇಳಿದ್ದು ಇದು: "ಸರ್, ಪಿತೃಪಕ್ಷಕ್ಕೆ ಊರಿಗೆ ಹೋಗದಿದ್ದರೆ ನಡೆಯುತ್ತಾ?"

ಅಪ್ಪ ತೀರಿಕೊಂಡಿದ್ದಾರೆ. ದೊಡ್ಡ ಮಗ ಇವನೇ. ಅವರ ಮನೆಯಲ್ಲಿ ಹಿರಿಯರಿಗೆ ಬಾಡೂಟದ ಎಡೆ. ಹೋದ ಸಲ ಊರಿಗೆ ಹೋದಾಗ ಅವ್ವ ಮಾಡಿದ ಕೋಳಿ ಸಾರು ಮುಟ್ಟದೆ ಎದ್ದುಬಿಟ್ಟಿದ್ದ. ಯಾಕೆ ಅಂತ ಹೇಳಲಿಲ್ಲ. "ನನ್ನ ಕೈ ಅಡುಗೆ ನಿಂಗೆ ಮೈಲಿಗೆ ಆಯ್ತೇನಪ್ಪಾ?" ಎಂದು ಅವ್ವ ಅತ್ತರಂತೆ. ಆಮೇಲೆ ಇವನು ಆ ಕಡೆ ತಲೆ ಹಾಕಿಲ್ಲ. ಮನೆಯವರಿಂದ ದೂರ ಇದ್ದಷ್ಟೂ ಈಮಾನ್ (ನಂಬಿಕೆ) ಗಟ್ಟಿಯಾಗುತ್ತದೆ ಎಂದು ಗೆಳೆಯರೊಬ್ಬರು ಬೇರೆ ಹೇಳಿದ್ದಾರೆ.

ಆ ಮಾತು ತಪ್ಪು ಎಂದು ನೇರವಾಗಿಯೇ ಹೇಳಿದೆ. ತಾಯಿತಂದೆ ಶಿರ್ಕ್ (ದೇವರಿಗೆ ಸಮನಾಗಿ ಬೇರೆಯವರನ್ನು ಆರಾಧಿಸುವುದು) ಮಾಡೆಂದು ಬಲವಂತ ಮಾಡಿದರೆ ಅದನ್ನು ಕೇಳಬೇಡ ಎನ್ನುವ ಕುರ್‌ಆನ್ ವಚನ (ಲುಕ್ಮಾನ್ ಅಧ್ಯಾಯ, 15) ಅವನಿಗೆ ಬಾಯಿಪಾಠ. ಅದೇ ವಚನ ಮುಂದುವರಿದು, ಈ ಲೋಕದಲ್ಲಿ ಅವರ ಜೊತೆ ಒಳ್ಳೆಯ ರೀತಿಯಲ್ಲಿ ಬಾಳು ಎನ್ನುತ್ತದೆ. ಪ್ರವಾದಿಯವರ ಒಡನಾಡಿ ಅಬೂಬಕರ್ ಅವರ ಮಗಳು ಅಸ್ಮಾ, ಇನ್ನೂ ಇಸ್ಲಾಮಿಗೆ ಬಾರದ ತಾಯಿ ತನ್ನನ್ನು ನೋಡಲು ಬಂದಾಗ ಏನು ಮಾಡಲಿ ಎಂದು ಪ್ರವಾದಿಯವರನ್ನೇ ಕೇಳಿದ್ದರು. ಸಂಬಂಧ ಉಳಿಸಿಕೋ ಎಂಬ ಉತ್ತರ ಬಂತು. ಇದು ಬುಖಾರಿ ಎಂಬ ಹದೀಸ್ (ಪ್ರವಾದಿಯವರ ನಡೆನುಡಿಗಳ) ಸಂಗ್ರಹದಲ್ಲಿದೆ.

ಉಳಿದದ್ದೆಲ್ಲ ಅಡುಗೆಮನೆಯ ಲೆಕ್ಕ ಎಂದು ಅವನಿಗೆ ಹೇಳಿದೆ. ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ, ಮೀನು ತಿನ್ನಲು ತೊಂದರೆ ಏನು? ಪಾತ್ರೆ ತೊಳೆದಿದ್ದರೆ ಸಾಕು, ಬೇರೆ ತಟ್ಟೆ ಹಿಡಿದು ಕೂರಬೇಡಿ. ಕೋಳಿಯನ್ನು ನೀವೇ ಹಲಾಲ್ ಅಂಗಡಿಯಿಂದ ತಂದುಕೊಡಿ, ಅವ್ವ ಸಾರು ಮಾಡಲಿ, ಮನೆಯವರೆಲ್ಲ ಅದನ್ನೇ ಉಣ್ಣಲಿ. ಎಡೆ ಇಡುವ ಮೊದಲೇ ನಿಮ್ಮ ಪಾಲು ತೆಗೆದಿಡಲು ಹೇಳಿ. ಪೂಜೆಗೆ ತಮ್ಮ ನಿಲ್ಲಲಿ. ಸಾಮಾನು ತರುವುದು, ನೆಂಟರನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವುದು ನಿಮ್ಮ ಕೆಲಸ. ಆದರೆ ಇದನ್ನೆಲ್ಲ ಹಬ್ಬದ ದಿನ ಹತ್ತು ಜನರ ಎದುರಲ್ಲ, ವಾರ ಮೊದಲೇ, ಅವ್ವ ಒಬ್ಬರೇ ಇದ್ದಾಗ ಹೇಳಬೇಕು. ಮೊದಲ ವಾಕ್ಯ ಹೀಗಿರಲಿ ಎಂದೆ: "ಅವ್ವಾ, ನಿನ್ ಅಡುಗೆ ಬೇಡ ಅಂತಲ್ಲ, ಕೋಳಿ ಕೊಯ್ಯೋ ರೀತಿ ನಂಗೆ ಬೇರೆ ಆಗಬೇಕು, ಅಷ್ಟೆ."

ಇನ್ನೊಂದು ಕಡೆ ಅವನು ಸುಮ್ನೆ ಸುಸ್ತಾಗಿದ್ದ. ತಹಜ್ಜುದ್ (ರಾತ್ರಿಯ ನಮಾಜ್) ಅಂತ ನಡುರಾತ್ರಿ ಏಳುವುದು, ಮತ್ತೆ ಮಲಗಿ ಫಜ್ರ್ (ಮುಂಜಾವಿನ ನಮಾಜ್) ತಪ್ಪಿಸಿಕೊಳ್ಳುವುದು, ದಿನವೆಲ್ಲ ಕೊರಗುವುದು. ದಿನದ ಐದು ನಮಾಜ್‌ಗಳ 17 ರಕಅತ್ (ನಮಾಜಿನ ಸುತ್ತು) ಫರ್ಜ್, ಅಂದರೆ ಕಡ್ಡಾಯ, ಅದು ಮೊದಲು ನಿಲ್ಲಲಿ, ತಹಜ್ಜುದ್ ಐಚ್ಛಿಕ ಎಂದೆ. ನಿದ್ದೆಯಲ್ಲಿ ತಪ್ಪಿದರೆ ಎದ್ದ ಕೂಡಲೇ ಮಾಡಿ. ಹೆಸರು ಬದಲಿಸಲೇಬೇಕೆಂದೂ ಇಲ್ಲ.

"ಆಸ್ತಿಯಲ್ಲಿ ನಿಂಗೆ ಪಾಲಿಲ್ಲ" ಎಂದು ಚಿಕ್ಕಪ್ಪ ಹೆದರಿಸಿದ್ದರು. ಮತ ಬದಲಿಸಿದ ಮಾತ್ರಕ್ಕೆ ಅವನ ಹಕ್ಕು ಹೋಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 26ನೇ ಕಲಮಿನ ತಡೆ ಇರುವುದು ಮತಾಂತರದ ನಂತರ ಹುಟ್ಟುವ ಮಕ್ಕಳಿಗೆ ಮತ್ತು ಅವರ ಸಂತತಿಗೆ, ಹಿಂದೂ ನೆಂಟರ ಆಸ್ತಿಯ ವಿಷಯದಲ್ಲಿ. ಹೆಚ್ಚಿನದಕ್ಕೆ ವಕೀಲರನ್ನು ನೋಡಿ ಎಂದೆ.

ಹಬ್ಬಕ್ಕೆ ಹೋಗಿ ಬಂದ. ಅವ್ವ ಪಾಲು ತೆಗೆದಿಟ್ಟಿದ್ದರು. ಚಿಕ್ಕಪ್ಪ ಮಾತ್ರ ಇನ್ನೂ ಮಾತಾಡುತ್ತಿಲ್ಲ. ಈಗ ಅವ್ವ ಸಂಬಂಧಿಕರಲ್ಲೇ ಹೆಣ್ಣು ನೋಡಲು ಶುರು ಮಾಡಿದ್ದಾರಂತೆ, ಇವನು ಹೂಂ ಅಂದೂ ಇಲ್ಲ, ಉಹೂಂ ಅಂದೂ ಇಲ್ಲ. ಇದು ಕೋಳಿ ಸಾರಿನಷ್ಟು ಸುಲಭದ್ದಲ್ಲ. ಆ ಹುಡುಗಿಯ ಮನೆಗೆ ಹೋಗುವ ಮೊದಲೇ ಅವ್ವನಿಗೆ ಬಾಯಿಬಿಟ್ಟು ಹೇಳಬೇಕು ಎಂದಿದ್ದೇನೆ. ಮುಂದಿನ ಭೇಟಿಗೆ ತಮ್ಮನನ್ನೂ ಕರೆತರಲಿದ್ದಾನೆ.