ಇರುವೆ ಸಾಲು ಎಲ್ಲಿಂದ ಶುರುವಾಗುತ್ತೆ ನೋಡಿದ್ದೀರಾ?

ಪ್ರಶ್ನೆ: ಅಕ್ಕಾ, ಪಂಚಮಿಗೆ ಮಾಡಿದ ಶೇಂಗಾ ಉಂಡಿ, ಎಳ್ಳುಂಡಿ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೂ ಸಣ್ಣ ಕೆಂಪಿರುವೆ ಹತ್ತುತ್ತವೆ. ಸ್ಪ್ರೇ ಹೊಡೆದರೆ ಎರಡು ದಿನ ಕಾಣುವುದಿಲ್ಲ, ಮೂರನೇ ದಿನ ಮತ್ತೆ ಸಾಲು. ಮನೆಯಲ್ಲಿ ಒಂದೂವರೆ ವರ್ಷದ ಮಗು ಇದೆ. ಅತ್ತೆಯವರು ಇರುವೆ ಕೊಂದರೆ ಪಾಪ ಅನ್ನುತ್ತಾರೆ. ಏನು ಮಾಡಲಿ?
(ಓದುಗರು, ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ತಂಗೆವ್ವ, ಹಳೇ ಹುಬ್ಬಳ್ಳಿಯಲ್ಲಿ 26 ವರ್ಷ ಕಿರಾಣಿ ಅಂಗಡಿ ನಡೆಸಿದವಳು ನಾನು. ಬೆಲ್ಲದ ಪೆಂಟಿ ಇಟ್ಟ ಮೂಲೆಯಲ್ಲಿ ಇರುವೆಗಳ ಜೊತೆ ಆಡಿದಷ್ಟು ಜಗಳ ಯಜಮಾನರ ಜೊತೆಗೂ ಆಡಿಲ್ಲ. ಮೊದಮೊದಲು ನಾನೂ ನಿನ್ನ ಹಾಗೇ ಕಂಡಲ್ಲಿ ಹೊಡೆಯುತ್ತಿದ್ದೆ. ಹೊಸ್ತಿಲಿಗೆ ದಿನಾ ಇರುವೆ ಬಳಪದ ಗೆರೆ ಬೇರೆ.

ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಸುಮ್ನೆ ಸ್ಟೂಲ್ ಹಾಕಿಕೊಂಡು ಕೂತು, ಸಕ್ಕರೆ ಹರಳು ಹೊತ್ತ ಒಂದು ಇರುವೆಯ ಹಿಂದೆ ಕಣ್ಣು ಹಾಯಿಸಿದೆ. ಹಲಗೆಯ ಕಾಲು ಇಳಿಯಿತು. ಫರಸಿ ಕಲ್ಲಿನ ಸಂದಿಯಲ್ಲಿ ನಡೆಯಿತು. ತೊಗರಿಬೇಳೆ ಚೀಲದ ಹಿಂದೆ ಮಾಯವಾಯಿತು. ಚೀಲ ಎಳೆದು ನೋಡಿದರೆ ಗೋಡೆ ಹತ್ತಿ ಸ್ವಿಚ್ ಬೋರ್ಡಿನ ತೂತಿನೊಳಗೆ ಹೋಗುತ್ತಿದೆ! ನಾನು ಗೆರೆ ಎಳೆದದ್ದು ಹೊಸ್ತಿಲಿಗೆ, ಅವು ಓಡಾಡುತ್ತಿದ್ದದ್ದು ಕರೆಂಟಿನ ಪೈಪಿನಲ್ಲಿ. ಅಷ್ಟು ವರ್ಷದ ಬಳಪ ದಂಡ.

ಹಾಗಾಗಿ ನೀನು ಮೊದಲು ಅರ್ಧ ಗಂಟೆ ಕೂತು ನೋಡು. ಡಬ್ಬಿಗೆ ಹೋಗುವ ಇರುವೆ ಬಿಡು, ಡಬ್ಬಿಯಿಂದ ವಾಪಸ್ ಹೋಗುವ ಇರುವೆ ನೋಡು.

ಮೂರನೇ ದಿನ ಮತ್ತೆ ಯಾಕೆ ಬರುತ್ತವೆ ಗೊತ್ತಾ? ತಿನಿಸು ಕಂಡ ಇರುವೆ ಗೂಡಿಗೆ ಹೋಗುವಾಗ ಹೊಟ್ಟೆ ನೆಲಕ್ಕೆ ತಾಗಿಸಿ ವಾಸನೆ ಬಿಟ್ಟು ಹೋಗುತ್ತದೆ. ಉಳಿದವು ಆ ವಾಸನೆ ಹಿಡಿದು ಬರುತ್ತವೆ. ನೀನು ಸಾಲನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಇರುವೆ ಹೋಗುತ್ತವೆ, ದಾರಿ ಉಳಿಯುತ್ತದೆ. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಡಬ್ಬಿಯಿಂದ ಹಿಡಿದು ಅವು ಒಳಗೆ ಬರುವ ತೂತಿನ ತನಕ ಒರೆಸು. ಡಬ್ಬಿಯ ಹೊರಮೈಯನ್ನೂ ತೊಳಿ. ಉಂಡಿ ಕಟ್ಟಿದ ತುಪ್ಪದ ಕೈ ಅಲ್ಲೆಲ್ಲ ಹತ್ತಿರುತ್ತೆ, ಅಲ್ವಾ? ಆಮೇಲೆ ಆ ತೂತಿಗೆ ಬಿಳಿ ಸಿಮೆಂಟ್ ಮೆತ್ತು. ಸ್ವಿಚ್ ಬೋರ್ಡ್ ಆದರೆ ಮಾತ್ರ ನೀನು ಕೈ ಹಾಕಬೇಡ, ವೈರಿಂಗ್‌ನವರನ್ನು ಕರೆಸು. ನಮ್ಮ ಕಡೆ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತೆ, ಹಾಗಾಗಿ ಹೊಸ ಬಿರುಕು ಬರುತ್ತಲೇ ಇರುತ್ತವೆ. ಪ್ರತಿ ಮಳೆಗಾಲಕ್ಕೂ ಒಮ್ಮೆ ಗೋಡೆಯ ಬುಡ ನೋಡಬೇಕು.

ಉಂಡಿ ಡಬ್ಬಿಯನ್ನು ನೀರಿನ ತಾಟಿನಲ್ಲಿ ಇಡು, ಗೋಡೆಗೆ ತಾಗದ ಹಾಗೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕು. ಬರೀ ನೀರಿನ ಮೇಲೆ ಹಗುರ ಇರುವೆ ತೇಲಿ ದಾಟಿಬಿಡುತ್ತೆ, ಸೋಪಿದ್ದರೆ ಮುಳುಗುತ್ತೆ. ನೀರು ದಿನಾ ಬದಲಿಸು, ಧೂಳು ಕೂತರೆ ಅದೇ ಸೇತುವೆ.

ಗೂಡು ಗೋಡೆಯೊಳಗೇ ಇದ್ದರೆ ಇಷ್ಟು ಸಾಲದು. ಸ್ಪ್ರೇ ಹೊರಗೆ ಓಡಾಡುವವನ್ನಷ್ಟೇ ಕೊಲ್ಲುತ್ತೆ, ರಾಣಿ ಒಳಗೆ ಆರಾಮಾಗಿ ಮೊಟ್ಟೆ ಇಡುತ್ತಾ ಇರುತ್ತಾಳೆ. ತೀರಾ ಸಣ್ಣ, ಹಳದಿ ಮೈಯ ಫರೋ ಇರುವೆ ಅಂತ ಒಂದು ಜಾತಿ ಇದೆ. ಅದಕ್ಕೆ ಸ್ಪ್ರೇ ಹೊಡೆದರೆ ಒಂದು ಗೂಡು ಒಡೆದು ನಾಲ್ಕಾಗುತ್ತೆ. ಗೋಡೆಯೊಳಗಿನ ಗೂಡಿಗೆ ನಿಧಾನದ ಮದ್ದೇ ಸರಿ. ಪತ್ತಾರರು ಬೆಸುಗೆಗೆ ಬಳಸುವ ಬಿಳಿಗಾರ, ಅಂದರೆ ಬೋರ್ಯಾಕ್ಸ್, ಅರ್ಧ ಚಮಚ. ಸಕ್ಕರೆ 8 ಚಮಚ. ಒಂದು ಕಪ್ ಬಿಸಿನೀರಲ್ಲಿ ಕರಗಿಸಿ ಅದರಲ್ಲಿ ಹತ್ತಿ ಅದ್ದಿ ಇಡಬೇಕು. ಬಿಳಿಗಾರ ಜಾಸ್ತಿ ಹಾಕಿದರೆ ಇರುವೆ ದಾರಿಯಲ್ಲೇ ಸಾಯುತ್ತೆ, ಗೂಡಿಗೆ ಒಯ್ಯುವುದಿಲ್ಲ. ಮೊದಲ ದಿನ ಸಾಲು ಇನ್ನೂ ದಪ್ಪ ಆಗುತ್ತೆ. ಹೆದರಿ ಒರೆಸಬೇಡ.

ಆದರೆ ಇದು ಮಗುವಿಗೂ ವಿಷ. ಮುಚ್ಚಳಕ್ಕೆ ಸಣ್ಣ ತೂತು ಕೊರೆದ ಡಬ್ಬಿಯೊಳಗೆ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿ ಇಡಲು ಜಾಗ ಇದ್ದರೆ ಮಾತ್ರ ಮಾಡು. ಇರುವೆ ಬಳಪವಂತೂ ಬೇಡವೇ ಬೇಡ. ಪಾಟಿ ಮೇಲೆ ಬರೆಯುವ ಬಳಪದ ಹಾಗೆ ಕಾಣುತ್ತೆ, ಮಗು ನೇರ ಬಾಯಿಗೆ ಹಾಕುತ್ತೆ.

ಅತ್ತೆಯವರಿಗೆ ಹೇಳು, ದಾರಿ ಒರೆಸುವುದರಲ್ಲಿ ಪಾಪ ಇಲ್ಲ ಅಂತ. ಅವರು ಇರುವೆ ಗೂಡಿಗೆ ಸಕ್ಕರೆ ಹಾಕುವವರಾದರೆ, ಹಿತ್ತಲ ಕೊನೆಗೆ ಹಾಕಲಿ. ನಮ್ಮ ಅತ್ತೆ ಅಡುಗೆಮನೆ ಕಿಟಕಿಯ ಕೆಳಗೇ ಹಾಕುತ್ತಿದ್ದರು. ಪುಣ್ಯ ಅವರಿಗೆ, ಒರೆಸುವುದು ನನಗೆ!

ಪ್ರಶ್ನೆ: ಮೊದಲ ಮಳೆ ಬಿದ್ದ ರಾತ್ರಿ ಟ್ಯೂಬ್‌ಲೈಟಿಗೆ ರೆಕ್ಕೆಯ ಇರುವೆ ಮುತ್ತಿದವು. ಬೆಳಗ್ಗೆ ನೆಲದ ತುಂಬಾ ರೆಕ್ಕೆ. ಇದಕ್ಕೂ ಸೋಪಿನ ನೀರು ಸಾಕಾ?
(ಓದುಗರು, ಗದಗ)

ಉತ್ತರ: ಅವು ಇರುವೆಯಲ್ಲ, ಗೆದ್ದಲು ಇರಬಹುದು ಸರ್. ಒಂದನ್ನು ಹಿಡಿದು ನೋಡಿ. ಸೊಂಟ ಸಣ್ಣಗಿದ್ದು, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ದೊಡ್ಡದಿದ್ದರೆ ಇರುವೆ. ಸೊಂಟವೇ ಇಲ್ಲದೆ ನಾಲ್ಕೂ ರೆಕ್ಕೆ ಒಂದೇ ಅಳತೆ ಇದ್ದರೆ ಗೆದ್ದಲು. ಹೊರಗಿಂದ ದೀಪಕ್ಕೆ ಬಂದಿದ್ದರೆ ಗುಡಿಸಿ ಹಾಕಿ. ಬಾಗಿಲ ಚೌಕಟ್ಟಿನಿಂದಲೇ ಹೊರಟಿದ್ದರೆ ಕಟ್ಟಿಗೆ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಗೆದ್ದಲಿಗೆ ಔಷಧಿ ಹೊಡೆಯುವವರನ್ನು ಕರೆಸಿ.

ಪ್ರಶ್ನೆ: ನಮ್ಮಲ್ಲಿ ಖಾರದ ಪುಡಿಗೆ ಬರವಿಲ್ಲ. ಇರುವೆ ದಾರಿಗೆ ಚೆಲ್ಲಲಾ?
(ಓದುಗರು, ಬ್ಯಾಡಗಿ)

ಉತ್ತರ: ನಿಮ್ಮೂರ ಮೆಣಸಿನಕಾಯಿ ಹೆಸರು ಮಾಡಿದ್ದು ಬಣ್ಣಕ್ಕೆ, ಖಾರಕ್ಕಲ್ಲ! ಪುಡಿ ಇದ್ದಲ್ಲಿ ಇರುವೆ ಸುತ್ತು ಹಾಕಿ ಬರುತ್ತೆ. ಫ್ಯಾನ್ ಹಾಕಿದರೆ ಪುಡಿ ನಿಮ್ಮ ಕಣ್ಣಿಗೇ ಬರುತ್ತೆ.