‘ಲಾಸ್ಟ್’ ಸರಣಿಗೂ ಆಲಿಸ್ ಕಥೆಗಳಿಗೂ ಇರುವ ನಂಟು ಹೆಸರಿಗಷ್ಟೇ ಸೀಮಿತವೇ?

ಅಮೆರಿಕದ ‘ಲಾಸ್ಟ್’ ಟಿವಿ ಸರಣಿಯ ಕಂತುಗಳ ಹೆಸರುಗಳಲ್ಲಿ ಲೂಯಿಸ್ ಕ್ಯಾರಲ್‌ನ ಆಲಿಸ್ ಕಥೆಗಳು ಇಣುಕುವುದನ್ನು ಗಮನಿಸಿರುವ ತಾವು, ಈ ನಂಟು ಕಥೆಯ ಒಳಗೂ ಇದೆಯೇ ಎಂದು ಕೇಳಿದ್ದೀರಿ. ಖಂಡಿತವಾಗಿಯೂ ಇದೆ. ಆದರೆ ಅದು ಆಳಕ್ಕಿಳಿದಿರುವುದು ಎಲ್ಲರೂ ಬಲ್ಲ ಮೊದಲ ಪುಸ್ತಕ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ನಲ್ಲಿ ಅಲ್ಲ, 1871ರ ಕೊನೆಯಲ್ಲಿ ಬಂದ ಎರಡನೆಯ ಪುಸ್ತಕ ‘ಥ್ರೂ ದ ಲುಕಿಂಗ್ ಗ್ಲಾಸ್’ನಲ್ಲಿ ಎಂಬುದು ನನ್ನ ಅಭಿಪ್ರಾಯ. (ಕಥೆಯ ತಿರುವುಗಳನ್ನು ಹೇಳದೆ ಉತ್ತರಿಸಲಾಗದು, ಸರಣಿಯನ್ನು ನೋಡಿಲ್ಲದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.)

ಮೊದಲ ಪುಸ್ತಕದ ನಂಟು ಕಣ್ಣಿಗೆ ರಾಚುವಂಥದ್ದು. 2004ರಲ್ಲಿ ಪ್ರಸಾರವಾದ, ಮೊದಲ ಸೀಸನ್ನಿನ ಐದನೆಯ ಕಂತಿನ ಹೆಸರೇ ‘ವೈಟ್ ರ್ಯಾಬಿಟ್’. ವಿಮಾನ ಅಪಘಾತದಲ್ಲಿ ಬದುಕುಳಿದವರ ಬಳಿ ಕುಡಿಯುವ ನೀರು ಮುಗಿಯುತ್ತಿರುವಾಗ, ತೀರಿಕೊಂಡಿರುವ ತನ್ನ ತಂದೆ ದ್ವೀಪದ ಕಾಡಿನಲ್ಲಿ ಓಡಾಡುವುದನ್ನು ಕಂಡು ವೈದ್ಯನಾದ ಜ್ಯಾಕ್ ಬೆನ್ನಟ್ಟುತ್ತಾನೆ. ಅದು ಆಲಿಸ್ ಕಥೆಯ, ಅವಳು ಬೆನ್ನಟ್ಟಿ ಬಿಲದೊಳಗೆ ಇಳಿಯುವ ಬಿಳಿ ಮೊಲವೆಂದು, ಬದುಕುಳಿದವರಲ್ಲೊಬ್ಬನಾದ ಜಾನ್ ಲಾಕ್ ಬಾಯಿಬಿಟ್ಟೇ ಹೇಳುತ್ತಾನೆ. ಆ ದಾರಿ ಜ್ಯಾಕ್‌ನನ್ನು ಸಿಹಿನೀರಿರುವ ಗುಹೆಗಳಿಗೆ ಮುಟ್ಟಿಸುತ್ತದೆ. ಅಲ್ಲಿ ಸಿಕ್ಕುವ ತಂದೆಯ ಶವಪೆಟ್ಟಿಗೆ ಮಾತ್ರ ಬರಿದಾಗಿರುತ್ತದೆ. ಅದೇ ಸೀಸನ್ನು, ನೆಲದಲ್ಲಿ ಹುದುಗಿದ್ದ ಉಕ್ಕಿನ ಮುಚ್ಚಳವನ್ನು ಸಿಡಿಸಿ ಕೆಳಗಿನ ಕತ್ತಲೆಯೊಳಗೆ ಇಣುಕುವಲ್ಲಿ ಮುಗಿಯುತ್ತದೆ. 1865ರ ಪುಸ್ತಕವನ್ನು ಕನ್ನಡಕ್ಕೆ ತಂದ ನಾ. ಕಸ್ತೂರಿಯವರು ಅದಕ್ಕೆ ‘ಪಾತಾಳದಲ್ಲಿ ಪಾಪಚ್ಚಿ’ ಎಂದು ಹೆಸರಿಟ್ಟರು; ಆ ದೃಶ್ಯ ಕಂಡಾಗಲೆಲ್ಲ ನನಗೆ ‘ಪಾತಾಳ’ ಎಂಬ ಆ ಒಂದು ಮಾತು ನೆನಪಾಗುತ್ತದೆ.

ಎರಡನೆಯದಾದ ಕನ್ನಡಿಯ ಪುಸ್ತಕದಿಂದ (‘ಲುಕಿಂಗ್ ಗ್ಲಾಸ್’ ಎಂದರೆ ಕನ್ನಡಿ) ಬಂದದ್ದು ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿನ ಬಿಳಿ ರಾಣಿಯ ಪಾಲಿಗೆ ಕಾಲ ಹಿಂದುಮುಂದಾಗಿರುತ್ತದೆ: ಅವಳು ಮೊದಲು ಚೀರುತ್ತಾಳೆ, ಪಿನ್ನು ಬೆರಳಿಗೆ ಚುಚ್ಚುವುದು ಆಮೇಲೆ. ‘ಲಾಸ್ಟ್’ನ ಮೂರನೆಯ ಸೀಸನ್ನಿನುದ್ದಕ್ಕೂ, ಅಪಘಾತಕ್ಕೆ ಮೊದಲೇ ದ್ವೀಪದಲ್ಲಿದ್ದ ಡೆಸ್ಮಂಡ್, ಬದುಕುಳಿದವರಲ್ಲೊಬ್ಬನಾದ ಚಾರ್ಲಿಯ ಸಾವನ್ನು ಅದು ಸಂಭವಿಸುವ ಮೊದಲೇ ಕಾಣುತ್ತಿರುತ್ತಾನೆ, ಕೊನೆಗೆ ಚಾರ್ಲಿ ನೀರಿನಲ್ಲಿ ಮುಳುಗಿ ಸಾಯುವುದು ‘ಲುಕಿಂಗ್ ಗ್ಲಾಸ್’ ಎಂಬ ಹೆಸರಿನ, ಮೊಲದ ಲಾಂಛನವುಳ್ಳ ಸಮುದ್ರದೊಳಗಿನ ಕೇಂದ್ರದಲ್ಲಿ. 2007ರ ಆ ಕಂತಿಗೂ ‘ಥ್ರೂ ದ ಲುಕಿಂಗ್ ಗ್ಲಾಸ್’ ಎಂದೇ ಹೆಸರು. ಗಡ್ಡ ಬಿಟ್ಟ ಜ್ಯಾಕ್ ಕುಡಿದು ಕುಸಿಯುವ ದೃಶ್ಯಗಳನ್ನು ಹಳೆಯ ಕಥೆಯೆಂದು ನಂಬಿ ನೋಡುತ್ತಿದ್ದ ನಮಗೆ, ಅದು ದ್ವೀಪದಿಂದ ಪಾರಾದ ಮೇಲಿನ ಕಥೆಯೆಂದು ಕೊನೆಯ ನಿಮಿಷಗಳಲ್ಲಷ್ಟೇ ತಿಳಿಯುತ್ತದೆ. ರಾಣಿಯ ಚೀರಾಟವನ್ನು ಮೊದಲು ಕೇಳಿಸಿ ಪಿನ್ನನ್ನು ಆಮೇಲೆ ತೋರಿಸುವ ಕ್ರಮವೇ ಇದೆಂದು ನಾನು ಓದಿಕೊಂಡಿದ್ದೇನೆ.

ಅದೇ ಪುಸ್ತಕದ ತೋಟದಲ್ಲಿ ಆಲಿಸ್ ಗುಡ್ಡದ ಕಡೆಗೆ ಎಷ್ಟು ನಡೆದರೂ ತಿರುಗಿ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತಾಳೆ. ಡೆಸ್ಮಂಡ್ ಕೂಡ ದೋಣಿಯಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಪಶ್ಚಿಮಕ್ಕೆ ಸಾಗಿ ಮತ್ತೆ ಅದೇ ದ್ವೀಪ ಕಂಡು ಕಂಗಾಲಾಗುತ್ತಾನೆ. ಈ ಹೋಲಿಕೆಯನ್ನು ಸರಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೆ ಅದು ಪ್ರಿಯವಾಗಿರುವುದೂ ಅದಕ್ಕೇ.

2010ರಲ್ಲಿ, ಕೊನೆಯ ಸೀಸನ್ನಿನ ಐದನೆಯ ಕಂತಾದ ‘ಲೈಟ್‌ಹೌಸ್’ನಲ್ಲಿ ಎರಡೂ ಪುಸ್ತಕಗಳು ಒಂದೆಡೆ ಕೂಡುತ್ತವೆ. ಬೇರೊಂದು ಬದುಕಿನಲ್ಲಿರುವ ಜ್ಯಾಕ್ ತನ್ನ ಮಗನ ಆಲಿಸ್ ಪುಸ್ತಕವನ್ನು ಕಂಡು, ಚಿಕ್ಕಂದಿನಲ್ಲಿ ಅವನಿಗೆ ಅದನ್ನು ಓದಿ ಹೇಳುತ್ತಿದ್ದುದನ್ನು ನೆನೆಯುತ್ತಾನೆ. ಮಗನಿರುವ ಮನೆಯ ಬೀಗದ ಕೈ ಸಿಕ್ಕುವುದು ಮೊಲದ ಗೊಂಬೆಯಡಿ. ಇತ್ತ ದ್ವೀಪದ ದೀಪಸ್ತಂಭದಲ್ಲಿ, ತನ್ನ ಬಾಲ್ಯದ ಮನೆಯನ್ನೇ ತೋರಿಸಿದ ಕನ್ನಡಿಗಳನ್ನು ಅವನು ಒಡೆದುಹಾಕುತ್ತಾನೆ.

ಇಷ್ಟೆಲ್ಲ ಕನಸು ಕಂಡದ್ದು ಯಾರು ಎಂಬ ಪ್ರಶ್ನೆಯನ್ನು ಓದುಗರಿಗೇ ಬಿಟ್ಟು ಕ್ಯಾರಲ್ ಕನ್ನಡಿಯ ಕಥೆಯನ್ನು ಮುಗಿಸುತ್ತಾನೆ. ಸರಣಿಯ ಕಡೆಯ ಕಂತಿನಲ್ಲಿ ಜ್ಯಾಕ್ ಮತ್ತೊಮ್ಮೆ ತಂದೆಯ ಶವಪೆಟ್ಟಿಗೆಯನ್ನು ತೆರೆಯುತ್ತಾನೆ. ಅದು ಈಗಲೂ ಬರಿದು. ಆದರೆ ಈ ಸಲ ತಂದೆ ಅವನ ಬೆನ್ನ ಹಿಂದೆಯೇ ನಿಂತಿರುತ್ತಾನೆ, ಆ ಬೇರೊಂದು ಬದುಕಿನ ಲೋಕವನ್ನು ನೀವೆಲ್ಲರೂ ಕೂಡಿ ಕಟ್ಟಿಕೊಂಡಿರಿ ಎಂದು ಉತ್ತರಿಸುತ್ತಾನೆ. 2004ರಲ್ಲಿ ಕೈಗೆ ಸಿಗದೆ ಓಡಿದ್ದ ಬಿಳಿ ಮೊಲ ಅಲ್ಲಿ ಕಡೆಗೂ ನಿಂತು ಮಾತನಾಡುತ್ತದೆ.