‘ಠಾಣೆಗೆ ಬಂದು ಹೋಗಿ’ ಎಂದು ಫೋನ್ ಬಂದರೆ

ಪ್ರಶ್ನೆ: ನಮ್ಮ ಕೊಳೆಗೇರಿ ತೆರವಿನ ವಿರುದ್ಧ ಅಕ್ಕಪಕ್ಕದವರಿಗೆ ಅರ್ಜಿ ಬರೆದುಕೊಡುತ್ತಿದ್ದೇನೆ. ‘ಕೈಕಾಲು ಮುರೀತೀವಿ’ ಎಂದು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಬಂತು. ದೂರು ಕೊಟ್ಟರೆ ಎನ್‌ಸಿಆರ್ (ಎಫ್‌ಐಆರ್ ಹಾಕದೆ ದೂರನ್ನು ದಾಖಲಿಸಿಕೊಂಡ ಚೀಟಿ) ಬರೆದು ಕಳಿಸಿದರು. ಈಗ ಠಾಣೆಯಿಂದಲೇ ‘ಸಂಜೆ ಬಂದು ಹೋಗಮ್ಮ’ ಎಂಬ ಫೋನ್. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಫೋನ್ ಕರೆ ನೋಟಿಸ್ ಅಲ್ಲ. ಆರೋಪಿಯೆಂದು ಕರೆಸಲು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 35(3)ರ ಲಿಖಿತ ನೋಟಿಸ್ ಬೇಕು. ಅದನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಸಾಕ್ಷಿಯಾದರೆ ಸೆಕ್ಷನ್ 179. ಅದರಂತೆ ಮಹಿಳೆಯರನ್ನು ಅವರು ವಾಸಿಸುವ ಜಾಗದಲ್ಲೇ ವಿಚಾರಿಸಬೇಕು. ‘ಯಾವ ಪ್ರಕರಣ? ನೋಟಿಸ್ ಕೊಡಿ, ಸಹಕರಿಸುತ್ತೇನೆ’ ಎಂದು ಕರೆ ಬಂದ ನಂಬರಿಗೆ ಮೆಸೇಜ್ ಹಾಕಿ. ಆದರೆ 35(3)ರ ನೋಟಿಸ್ ಕೈಗೆ ಬಂದ ಮೇಲೆ ಹೋಗದಿದ್ದರೆ ಬಂಧನಕ್ಕೆ ನೀವೇ ದಾರಿ ಕೊಟ್ಟಂತೆ. ವಕೀಲರ ಜೊತೆ ಹೋಗಿ. ಒಳಹೋದ, ಹೊರಬಂದ ಹೊತ್ತು ಬರೆದಿಟ್ಟುಕೊಳ್ಳಿ. ಮುಂದೆ ಠಾಣೆಯ ಸಿಸಿಟಿವಿ ದೃಶ್ಯ ಕೇಳಬೇಕಾದರೆ ಅದೇ ಆಧಾರ.

ಇನ್ನು ಎನ್‌ಸಿಆರ್. ಹೆಚ್ಚಿನ ದೂರುಗಳು ಸಾಯುವುದು ಈ ಚೀಟಿಯಲ್ಲೇ. ಕೈಕಾಲು ಮುರಿಯುವ ಬೆದರಿಕೆಗೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಕಾನೂನು) ಸೆಕ್ಷನ್ 351(3)ರಲ್ಲಿ 7 ವರ್ಷದವರೆಗೆ ಶಿಕ್ಷೆಯಿದೆ. ಆದರೂ ಅದು ಅಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಹಾಗಾಗಿ ಎನ್‌ಸಿಆರ್ ಪ್ರತಿ ಹಿಡಿದು ಬಿಎನ್‌ಎಸ್‌ಎಸ್ ಸೆಕ್ಷನ್ 174ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿಸಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ (ಸಹಾಯವಾಣಿ 15100). ನೀವು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು, ಅದು ಗೊತ್ತಿದ್ದೂ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರು ಬೆದರಿಸಿದ್ದರೆ ದೂರಿನಲ್ಲಿ ಅದನ್ನು ಬಿಡಿಸಿ ಬರೆಯಿರಿ. ಆಗ ದೌರ್ಜನ್ಯ ತಡೆ ಕಾಯ್ದೆಯ 3(2)(ವಿಎ) ಅನ್ವಯಿಸುತ್ತದೆ, ಎಫ್‌ಐಆರ್ ಹಾಕಲೇಬೇಕು.

ದೂರಿನಲ್ಲಿ ಬೆದರಿಕೆಯಷ್ಟೇ ಇರಲಿ. ತೆರವಿನ ಕಥೆಯನ್ನೂ ಸೇರಿಸಿದರೆ ‘ಇದು ಸಿವಿಲ್ ಮ್ಯಾಟರ್’ ಎಂದು ವಾಪಸ್ ಕೊಡುತ್ತಾರೆ. ವಾಯ್ಸ್ ಮೆಸೇಜನ್ನು ಅಳಿಸಬೇಡಿ, ಆ ಚಾಟ್‌ನಲ್ಲಿ ಮೆಸೇಜ್ ತಾನೇ ಅಳಿಯುವ ಸೆಟ್ಟಿಂಗ್ ಆನ್ ಆಗಿದ್ದರೆ ಈಗಲೇ ಆಫ್ ಮಾಡಿ. ಫೋನ್ ಬದಲಾಯಿಸಬೇಡಿ, ಕೋರ್ಟಿಗೆ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ (ಡಿಜಿಟಲ್ ದಾಖಲೆಯನ್ನು ದೃಢೀಕರಿಸುವ ಪತ್ರ) ಕೊಡಬೇಕು, ಮೂಲ ಫೋನ್ ಕೈಯಲ್ಲಿದ್ದರೆ ಆ ಕೆಲಸ ಹಗುರ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದಲ್ಲಿ ನಿಮ್ಮಂಥ ಹಕ್ಕು ಹೋರಾಟಗಾರರಿಗೆಂದೇ ಪ್ರತ್ಯೇಕ ಸಂಪರ್ಕಾಧಿಕಾರಿ ಇದ್ದಾರೆ. ಪೊಲೀಸರೇ ಕಾಡುತ್ತಿದ್ದರೆ ಅಲ್ಲಿಗೆ ಬರೆಯಿರಿ. ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು, ಘಟನೆಯಾಗಿ 1 ವರ್ಷ ದಾಟಿರಬಾರದು. ಇದೇ ದೂರನ್ನು ರಾಜ್ಯ ಆಯೋಗಕ್ಕೂ ಕಳಿಸಬೇಡಿ. ಅಲ್ಲಿ ವಿಚಾರಣೆಗೆ ಬಾಕಿ ಇರುವುದನ್ನು ರಾಷ್ಟ್ರೀಯ ಆಯೋಗ ಮುಟ್ಟುವುದಿಲ್ಲ.

ಪ್ರಶ್ನೆ: ಎರಡೇ ದಿನದ ನೋಟಿಸ್ ಕೊಟ್ಟು ಮನೆ ಒಡೆಯಬಹುದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: 2024ರ ನವೆಂಬರ್ 13ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 15 ದಿನ ಕೊಡಬೇಕು, ನೋಟಿಸ್ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಬರಬೇಕು, ಮನೆಗೂ ಅಂಟಿಸಬೇಕು. ರಸ್ತೆ, ಫುಟ್‌ಪಾತ್, ರೈಲ್ವೆ ಹಳಿಯ ಪಕ್ಕ, ನದಿ, ಕೆರೆಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆಯಿಲ್ಲ. ನೋಟಿಸಿನಲ್ಲಿ ನಿಮ್ಮ ಜಾಗವನ್ನು ಏನೆಂದು ಬರೆದಿದ್ದಾರೆ ಎಂಬುದನ್ನು ಮೊದಲು ನೋಡಿ. ಅದು ತಪ್ಪಿದ್ದರೆ ಸರ್ವೆ ನಕ್ಷೆಯ ಪ್ರತಿ ಲಗತ್ತಿಸಿ ಇವತ್ತೇ ಆಕ್ಷೇಪಣೆ ಸಲ್ಲಿಸಿ, ಸೀಲು ಹಾಕಿದ ಸ್ವೀಕೃತಿ ಪಡೆಯಿರಿ.